ಅಡುಗೆಮನೆಯಿಂದ ಆರತಿಗೆ: ಡಿಚೋಲಿಯ ಚೌತಿಗೆ ಹೊರಟ ರಸಿಕರಿಗೊಂದು ಕೈಪಿಡಿ

ಗೋವಾದ ಡಿಚೋಲಿಯಲ್ಲಿ ಚೌತಿಯ ಘುಮಟ ಆರತಿ, ಎಂದರೆ ಘುಮಟವೆಂಬ ಮಣ್ಣಿನ ವಾದ್ಯ ಬಾರಿಸುತ್ತ ಹಾಡುವ ಆರತಿ, ಕೇಳಲು ಹೊರಟವರು ಸಾಮಾನ್ಯವಾಗಿ ದೀಪ ಹಚ್ಚುವ ಹೊತ್ತಿಗೆ ಹೋಗಿ ತಲುಪುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ. ಹಾಡು ಕಿವಿಗೆ ಬೀಳುತ್ತದೆ, ವಾದ್ಯವೂ ಬೀಳುತ್ತದೆ. ಆದರೆ ಹಾಡುತ್ತಿರುವ ಮನೆಮಂದಿ ಬೆಳಗಿನಿಂದ ಏನು ಮಾಡಿದರು ಎಂಬುದು ಗೊತ್ತಾಗದೆ ಹೋಗುತ್ತದೆ. ಈ ಕೂಟದ ರುಚಿ ಹತ್ತಬೇಕಾದರೆ ಹಿಂದಿನ ದಿನವೇ ಹೋಗಬೇಕು, ಅಡುಗೆಮನೆಯಲ್ಲಿ ಕೂರಬೇಕು, ಕೈಗೆ ಕೊಟ್ಟ ಕೆಲಸ ಮಾಡಬೇಕು. ಅಕ್ಕಿ ರುಬ್ಬುವುದೂ ಆರತಿ ಹಾಡುವುದೂ ಇಲ್ಲಿ ಒಂದೇ ಹಬ್ಬದ ಒಂದೇ ಕೆಲಸ. ಎರಡನ್ನೂ ಪುಸ್ತಕ ನೋಡಿ ಯಾರೂ ಕಲಿತಿಲ್ಲ. ಹಿರಿಯರ ಪಕ್ಕದಲ್ಲಿ ಕುಳಿತು ಕೈಯಿಂದ ಕೈಗೆ ಕಲಿತಿದ್ದಾರೆ.

ಊರಿನ ಬಗ್ಗೆ ಸ್ವಲ್ಪ ತಿಳಿದಿರಲಿ. ತಿಸವಾಡಿ, ಬಾರ್ದೇಸ್, ಸಾಲ್ಸೇಟ್‌ಗಳು 16ನೇ ಶತಮಾನದಲ್ಲೇ ಪೋರ್ಚುಗೀಸರ ವಶವಾದವು. ಸಾವಂತವಾಡಿಯ ಭೋಸಲೆಗಳ ಆಳ್ವಿಕೆಯಲ್ಲಿದ್ದ ಡಿಚೋಲಿ ಪೋರ್ಚುಗೀಸರ ಕೈಸೇರಿದ್ದು 18ನೇ ಶತಮಾನದ ಕೊನೆಗೆ. ಅತ್ತ ಗುಡಿಗಳು ಉರುಳಿದಾಗ ಕೆಲವು ದೇವರುಗಳು ನದಿ ದಾಟಿ ಇತ್ತ ಬಂದವು. ಡಿಚೋಲಿ ತಾಲೂಕಿನ ನಾರ್ವೆಯಲ್ಲಿರುವ ಸಪ್ತಕೋಟೇಶ್ವರ ಹಾಗೆ ದಿವಾಡಿ ದ್ವೀಪದಿಂದ ಬಂದವನು. ಅವನು ಗೋವಾ ಕದಂಬರ ಮನೆದೇವರು, ಕನ್ನಡದಲ್ಲಿ ಶಾಸನ ಬರೆಸಿದ ಅರಸರ ದೇವರು. 1668ರಲ್ಲಿ ಶಿವಾಜಿ ಈ ಗುಡಿಯ ಜೀರ್ಣೋದ್ಧಾರ ಮಾಡಿಸಿದ. ಹಬ್ಬದ ಸಂಪ್ರದಾಯ ಈ ಸೀಮೆಯಲ್ಲಿ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಈ ಇತಿಹಾಸವೂ ಒಂದು ಕಾರಣ.

ಮೊದಲು ಪೇಟೆ. ಚೌತಿಗೆ ಮುಂಚೆ ಮಾಟೋಳಿ ಸಾಮಾನಿನ ಸಂತೆ ಸೇರುತ್ತದೆ. ಗಣಪತಿಯ ಮೇಲೆ ಮರದ ಚೌಕಟ್ಟಿಗೆ ಕಾಯಿ, ಹಣ್ಣು, ಕಾಡಿನ ಬಳ್ಳಿ ಕಟ್ಟುವ ಪದ್ಧತಿಯೇ ಮಾಟೋಳಿ. ಶಿರಸಿ ಕಡೆಯವರಿಗೆ ‘ಫಲಾವಳಿ’ ಎಂದರೆ ತಕ್ಷಣ ತಿಳಿದೀತು. ಅಡಿಕೆ ಗೊನೆ, ಎಳೆ ತೆಂಗು, ಮಾದಳ ಹಣ್ಣು ಎಲ್ಲರಿಗೂ ಗೊತ್ತಿರುವಂಥವು. ಕಾಡಿನಿಂದ ತಂದ ಕಾಂಗ್ಲಾಂ, ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನುವ ಘಾಗ್ರಿ ಇವನ್ನು ಮಾರುವವರನ್ನೇ ಕೇಳಿ ಗುರುತು ಮಾಡಿಕೊಳ್ಳಿ. ಅವರಿಗೆ ಹೇಳುವ ಉತ್ಸಾಹವಿರುತ್ತದೆ, ಕೇಳುವವರು ಕಡಿಮೆ.

ಇನ್ನು ಅಡುಗೆಮನೆ. ಹೊಸಬರು ಪಾತೋಳಿಯಿಂದ ಶುರುಮಾಡುವುದು ಒಳ್ಳೆಯದು. ನಮ್ಮ ಕರಾವಳಿಯ ಅರಿಶಿನ ಎಲೆಯ ಕಡುಬೇ ಇದು. ನೆನೆಸಿದ ಅಕ್ಕಿಯನ್ನು ಗಟ್ಟಿಯಾಗಿ, ನುಣ್ಣಗೆ ರುಬ್ಬಿಟ್ಟಿರುತ್ತಾರೆ. ತೆಂಗಿನ ತುರಿ, ಬೆಲ್ಲ, ಏಲಕ್ಕಿ ಸೇರಿಸಿ ಕಾಯಿಸಿದ ಹೂರಣಕ್ಕೆ ಇಲ್ಲಿ ಚೂನ್ ಎನ್ನುತ್ತಾರೆ. ತೊಳೆದು ಒರೆಸಿದ ಅರಿಶಿನ ಎಲೆ ನಿಮ್ಮ ಮುಂದೆ ಬರುತ್ತದೆ. ಈಗ ಪಕ್ಕದಲ್ಲಿ ಕುಳಿತ ಆಜಿಯ ಬೆರಳನ್ನು ನೋಡಿ. ಬೆರಳ ತುದಿಯನ್ನು ನೀರಿಗೆ ಅದ್ದಿ, ಎಲೆಯ ನಡುನರದಿಂದ ಅಂಚಿನ ಕಡೆಗೆ ಹಿಟ್ಟನ್ನು ಒಂದೇ ಎಳೆತದಲ್ಲಿ ಸವರುತ್ತಾಳೆ. ಅಂಚಿನಲ್ಲಿ ಬೆರಳಗಲ ಜಾಗ ಬಿಟ್ಟಿರುತ್ತಾಳೆ. ಹಿಟ್ಟಿನ ಪದರ ಎಷ್ಟು ತೆಳುವೆಂದರೆ ಎಲೆಯ ನರಗಳು ಅದರ ಮೇಲೆ ಒಡಮೂಡುತ್ತವೆ. ನೀವು ಸವರಿದ್ದು ದಪ್ಪವಾಗಿರುತ್ತದೆ. ಎಲ್ಲರದೂ ಮೊದಲು ಹಾಗೇ. ಹೂರಣ ಹರಡಿ, ಎಲೆಯನ್ನು ಉದ್ದಕ್ಕೆ ಮಡಚಿ, ಹಬೆಯ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿದರೆ ಆಯಿತು. ಮುಚ್ಚಳ ತೆಗೆದಾಗ ಬರುವ ಪರಿಮಳ ಎಲೆಯದು, ಬೆಲ್ಲದ್ದಲ್ಲ. ಎಲೆ ಬಿಡಿಸಿದಾಗ ಹಿಟ್ಟು ಅಂಟದೆ ಎದ್ದು ಬಂದು, ಅದರ ಮೇಲೆ ನರಗಳ ಗೆರೆ ಸ್ಪಷ್ಟವಾಗಿ ಮೂಡಿದ್ದರೆ ಕೈ ಪಳಗಿದೆ ಎಂದರ್ಥ.

ನೆವ್ರಿ ನಮ್ಮ ಕರ್ಜಿಕಾಯಿಯೇ, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಂಚು ಮಡಚಿ ನೆರಿಗೆ ಹಾಕುವ ಕೆಲಸಕ್ಕೆ ಮಕ್ಕಳನ್ನೂ ಕೂರಿಸುತ್ತಾರೆ. ನಿಮ್ಮನ್ನೂ ಅಲ್ಲೇ ಕೂರಿಸುವ ಸಾಧ್ಯತೆ ಹೆಚ್ಚು. ಖತಖತೆ ಮಾತ್ರ ತಪ್ಪಿಸಿಕೊಳ್ಳಬೇಡಿ. ಗೆಣಸು, ಮೂಲಂಗಿ, ಸುವರ್ಣಗೆಡ್ಡೆ, ಕುಂಬಳ, ನುಗ್ಗೆ, ಎಳೆ ಮೆಕ್ಕೆಜೋಳ ಹೀಗೆ ಕೈಗೆ ಸಿಕ್ಕ ತರಕಾರಿಗಳನ್ನೆಲ್ಲ ತೊಗರಿಬೇಳೆಯೊಡನೆ ಬೇಯಿಸಿ, ತೆಂಗಿನ ಅರಪ್ಪು ಕೂಡಿಸುವ ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಮೇಲೋಗರ ಇದು. ಅದರ ಜೀವ ತಿರಫಳದಲ್ಲಿದೆ. ನಮ್ಮ ಕಡೆ ಅದನ್ನೇ ಜುಮ್ಮನಕಾಯಿ ಎನ್ನುತ್ತಾರೆ. ಅದನ್ನು ಲಘುವಾಗಿ ಜಜ್ಜಿ ಹಾಕುತ್ತಾರೆ, ಪುಡಿ ಮಾಡುವುದಿಲ್ಲ. ಊಟದಲ್ಲಿ ಬಾಯಿಗೆ ಸಿಕ್ಕಾಗ ನಾಲಗೆ ಸ್ವಲ್ಪ ಜುಮ್ಮೆಂದರೆ ಗಾಬರಿಪಡಬೇಡಿ.

ಅಡುಗೆಮನೆಯ ಮೂಲೆಯಲ್ಲಿ, ಒಲೆಯ ಬಿಸಿ ತಾಗುವಂತೆ ಒಂದೆರಡು ಘುಮಟ ಇಟ್ಟಿರುವುದು ಕಣ್ಣಿಗೆ ಬೀಳಬಹುದು. ಭಾದ್ರಪದವೆಂದರೆ ಗೋವಾದಲ್ಲಿ ಇನ್ನೂ ಮಳೆಗಾಲ. ತೇವಕ್ಕೆ ಚರ್ಮ ಸಡಿಲಗೊಂಡು ನಾದ ಕುಗ್ಗುತ್ತದೆ. ಬಿಸಿಗೆ ಹಿಡಿದರೆ ಮತ್ತೆ ಬಿಗಿಯಾಗುತ್ತದೆ. ಘುಮಟ ಮಣ್ಣಿನ ಮಡಕೆ. ಡಿಚೋಲಿ ಕುಂಬಾರಿಕೆಗೆ ಹೆಸರಾದ ಊರು. ಇಲ್ಲಿನ ಕುಂಬಾರರ ಕೈ ಅಡುಗೆಯ ಮಡಕೆಗೂ ಹಣತೆಗೂ ವಾದ್ಯಕ್ಕೂ ಒಂದೇ ಬಗೆಯಲ್ಲಿ ಹೊಂದಿಕೊಂಡಿದೆ. ಪೂಜೆಯ ಗಣಪತಿಯೂ ಜೇಡಿಮಣ್ಣಿನವನೇ. ಕುಂಬಾರರ ಮನೆಗೆ ಹೋಗಲು ಅವಕಾಶ ಸಿಕ್ಕರೆ ಘುಮಟದ ಬರಿಯ ಮಡಕೆಯನ್ನು ಕೈಯಲ್ಲಿ ಹಿಡಿದು ನೋಡಿ. ಅದಕ್ಕೆ ಎರಡು ಬಾಯಿ: ಒಂದು ಅಗಲ, ಒಂದು ಕಿರಿದು. ಅಗಲದ ಬಾಯಿಗೆ ಚರ್ಮ ಬಿಗಿಯುತ್ತಾರೆ, ಕಿರಿದು ಹಾಗೇ ತೆರೆದಿರುತ್ತದೆ.

ಈ ತೆರೆದ ಬಾಯಿಯಲ್ಲೇ ಘುಮಟದ ಗುಟ್ಟಿದೆ. ಹೊಸಬರೆಲ್ಲ ಬಲಗೈಯನ್ನು ನೋಡುತ್ತಾರೆ, ಏಕೆಂದರೆ ಚರ್ಮದ ಮೇಲೆ ಬೀಳುವ ಪೆಟ್ಟು ಕಣ್ಣಿಗೆ ಕಾಣುತ್ತದೆ. ನೀವು ಎಡಗೈ ನೋಡಿ. ಆ ಅಂಗೈ ಕಿರಿದಾದ ಬಾಯಿಯನ್ನು ಮುಚ್ಚುತ್ತ ತೆರೆಯುತ್ತ ಮಡಕೆಯೊಳಗಿನ ಗಾಳಿಯನ್ನು ಹಿಡಿದು ಬಿಡುತ್ತಿರುತ್ತದೆ. ಮುಚ್ಚಿದಾಗ ನಾದ ಒಳಗೇ ನಿಲ್ಲುತ್ತದೆ. ತೆರೆದಾಗ ಗುಂಯ್ ಎಂದು ಹೊರಬಂದು ಮೇಲೇರುತ್ತದೆ. ಬಲಗೈ ಲೆಕ್ಕ ಇಡುತ್ತದೆ, ಎಡಗೈ ಮಾತಾಡುತ್ತದೆ. ಒಂದು ಸಂಜೆ ಬರೀ ಎಡಗೈಗಳನ್ನೇ ನೋಡಿ ಕಳೆದರೂ ಸಾಕು, ಮರುದಿನ ಕಣ್ಣು ಮುಚ್ಚಿ ಕುಳಿತರೂ ಯಾರು ಬಾರಿಸುತ್ತಿದ್ದಾರೆಂದು ತಿಳಿಯತೊಡಗುತ್ತದೆ. ಉತ್ತರ ಕನ್ನಡದ ಗುಮಟೆ ಪಾಂಗ್ ಕೇಳಿದ ಕಿವಿಗೆ ಇದು ಬೇಗ ಒಗ್ಗುತ್ತದೆ, ವಾದ್ಯ ಅದೇ ಅಲ್ಲವೇ.

ಘುಮಟಕ್ಕೆ ಜೊತೆಯಾಗಿ ಎರಡು ತೆಳು ಕಡ್ಡಿಗಳಿಂದ ಬಾರಿಸುವ ಶಾಮೇಳ ಇರುತ್ತದೆ, ತಾಳಕ್ಕೆ ಕಾಂಸಾಳೆ. ಕೆಲವು ಕಡೆ ಹಾರ್ಮೋನಿಯಂ ಸೇರುತ್ತದೆ. ಘುಮಟದ ಗಂಭೀರ ದನಿಯ ಮೇಲೆ ಶಾಮೇಳದ ಚುರುಕು ಪೆಟ್ಟು ಬಿದ್ದಾಗಲೇ ನಡೆ ಎದ್ದು ನಿಲ್ಲುವುದು. ಒಳ್ಳೆಯ ಶಾಮೇಳವಿಲ್ಲದ ತಂಡದಲ್ಲಿ ಎಷ್ಟು ಘುಮಟ ಸೇರಿಸಿದರೂ ಬರೀ ಗದ್ದಲವಾಗುತ್ತದೆ.

ಆರತಿಯ ಸಾಹಿತ್ಯ ಹೆಚ್ಚಾಗಿ ಮರಾಠಿ. ಗಣಪತಿಯಿಂದ ಆರಂಭಿಸಿ ಶಂಕರ, ದೇವಿ, ವಿಠ್ಠಲ, ದತ್ತ ಎಂದು ಒಂದರ ಹಿಂದೆ ಒಂದು ಬರುತ್ತವೆ. ಮರಾಠಿ ಬಾರದಿದ್ದರೆ ನಷ್ಟವೇನಿಲ್ಲ, ಚಾಲನ್ನು, ಅಂದರೆ ಹಾಡುವ ಧಾಟಿಯನ್ನು, ಹಿಡಿಯಿರಿ. ಒಂದೇ ಆರತಿಯನ್ನು ಒಂದು ವಾಡೆಯಲ್ಲಿ (ಕೇರಿಯಲ್ಲಿ) ನಿಧಾನವಾಗಿ ಎಳೆದು ಹಾಡುತ್ತಾರೆ, ಪಕ್ಕದ ವಾಡೆಯಲ್ಲಿ ನಡಿಗೆಯ ವೇಗದಲ್ಲಿ. ಮುಂದಾಳು ಸಾಲನ್ನು ಎತ್ತಿಕೊಟ್ಟ ಮೇಲೆ ಗುಂಪು ಅದನ್ನು ಎಲ್ಲಿ ಹಿಡಿಯುತ್ತದೆ ಎಂಬುದನ್ನು ಗಮನಿಸಿ. ಒಳ್ಳೆಯ ತಂಡದಲ್ಲಿ ಅವನ ಕೊನೆಯ ಅಕ್ಷರ ಇನ್ನೂ ಗಾಳಿಯಲ್ಲಿರುವಾಗಲೇ ಗುಂಪು ಬಂದು ಸೇರುತ್ತದೆ, ಸಂದು ಕಾಣುವುದಿಲ್ಲ. ಲಯ ಏರುವಾಗ ಯಾರೂ ಸನ್ನೆ ಮಾಡುವುದಿಲ್ಲ. ವರ್ಷಗಟ್ಟಲೆ ಒಂದೇ ಮನೆಯಲ್ಲಿ ಉಂಡು ಒಂದೇ ಕೋಣೆಯಲ್ಲಿ ಹಾಡಿದವರಿಗೆ ಮಾತ್ರ ಬರುವ ಹೊಂದಾಣಿಕೆ ಅದು. ಕೆಲವು ಮನೆಗಳಲ್ಲಿ ಕೊನೆಗೆ ಹಿರಿಯರೊಬ್ಬರು ಗಾರಾಣೆ ಹೇಳುತ್ತಾರೆ: ಮನೆಯವರ ಕಷ್ಟಸುಖವನ್ನು ದೇವರ ಮುಂದೆ ಆಡುಮಾತಿನ ಕೊಂಕಣಿಯಲ್ಲೇ ಇಡುವ ಪ್ರಾರ್ಥನೆ. ಉಳಿದವರು ಹೂಂಗುಟ್ಟುತ್ತಾರೆ. ಅದನ್ನೂ ಹಾಡಿನಷ್ಟೇ ಶ್ರದ್ಧೆಯಿಂದ ಕೇಳಿ.

ಹೆಂಗಸರ ಫುಗಡಿ ಕುಣಿತ ನೋಡದೆ ಹೊರಡಬೇಡಿ. ವಾದ್ಯವಿಲ್ಲ, ಚಪ್ಪಾಳೆ, ಹೆಜ್ಜೆ ಮತ್ತು ಉಸಿರಿನಿಂದ ಹೊರಡಿಸುವ ‘ಫೂ’ ಸದ್ದೇ ಅದರ ತಾಳ. ಬೆಳಗಿನಿಂದ ಒಲೆಯ ಮುಂದಿದ್ದವರೇ ಸೆರಗು ಸಿಕ್ಕಿಸಿ ಸುತ್ತು ನಿಲ್ಲುತ್ತಾರೆ. ಗಂಡಸರ ಕೈಗೆ ಘುಮಟ, ಹೆಂಗಸರ ಕೈಗೆ ಸೌಟು ಎಂಬ ಹಳೆಯ ಪಾಲು ಈಗ ಸಡಿಲವಾಗುತ್ತಿದೆ. ಆರತಿ ಸ್ಪರ್ಧೆಗಳಲ್ಲಿ ಮಹಿಳಾ ತಂಡಗಳು ಘುಮಟ ಬಾರಿಸುತ್ತಿವೆ, ಅದು ಆಗಲೇಬೇಕಿತ್ತು. ಗಂಡುಮಕ್ಕಳೂ ಅಷ್ಟೇ ಉತ್ಸಾಹದಿಂದ ಪಾತೋಳಿಯ ಮುಂದೆ ಕುಳಿತರೆ ಈ ಕಲೆಯ ಎರಡೂ ಅರ್ಧ ಉಳಿಯುತ್ತವೆ.

ಚರ್ಮದ ವಿಷಯ ಹೇಳಲೇಬೇಕು. ಹಿಂದೆ ಘುಮಟಕ್ಕೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡ ರಕ್ಷಿತ ಪ್ರಾಣಿ. ಅದನ್ನು ಕೊಲ್ಲುವುದು ಅಪರಾಧ. ಈಗ ಆಡಿನ ಚರ್ಮ ಬಳಕೆಗೆ ಬಂದಿದೆ. ಹೀಗೆ ಬಳಕೆ ಬದಲಾದ ಮೇಲೆ 2019ರಲ್ಲಿ ಗೋವಾ ಸರ್ಕಾರ ಘುಮಟವನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. ಆಡಿನ ಚರ್ಮದಿಂದ ಹಳೆಯ ನಾದ ಬರುವುದಿಲ್ಲ ಎಂದು ಕೊರಗುವವರು ಇದ್ದಾರೆ. ನಾದದಲ್ಲಿ ವ್ಯತ್ಯಾಸವಿದ್ದೀತು, ಆದರೆ ಒಂದು ಜೀವಿಯನ್ನು ಉಳಿಸಿ ವಾದ್ಯವನ್ನೂ ಉಳಿಸಿಕೊಳ್ಳುವ ದಾರಿ ಇರುವಾಗ ಅದೇ ಸರಿಯಾದ ದಾರಿ. ಘುಮಟ ಕೊಳ್ಳುವುದಾದರೆ ಯಾವ ಚರ್ಮವೆಂದು ಕೇಳಿಯೇ ಕೊಳ್ಳಿ.

ಪಣಜಿಯಲ್ಲಿ 2016ರಿಂದ ಡಿಸೆಂಬರ್‌ನಲ್ಲಿ ನಡೆಯುವ ಸೆರೆಂಡಿಪಿಟಿ ಕಲಾ ಉತ್ಸವದಲ್ಲೂ ಅಡುಗೆಯ ಕಾರ್ಯಾಗಾರಗಳಿವೆ, ಸಂಗೀತವಿದೆ. ಚೌತಿಗೆ ಹೋಗಲಾಗದವರು ಅಲ್ಲಿಗೆ ಹೋಗಬಹುದು, ಕಲಿಯಲು ಬಹಳಷ್ಟಿದೆ. ಇನ್ನು ಘುಮಟ ಆರತಿ ಸ್ಪರ್ಧೆಗಳ ವೇದಿಕೆಯಲ್ಲಿ ಒಂದೇ ದಿನ ಹಲವು ಊರಿನ ಚಾಲು ಕೇಳಿ ಹೋಲಿಸುವ ಅನುಕೂಲವಿದೆ. ಆದರೂ ನನ್ನ ಮತ ಮನೆಯ ಆರತಿಗೇ. ವೇದಿಕೆಯಲ್ಲಿ ತಂಡ ತೀರ್ಪುಗಾರರಿಗಾಗಿ ಹಾಡುತ್ತದೆ, ಮೈಕು ಎಡಗೈಯ ಸೂಕ್ಷ್ಮವನ್ನು ನುಂಗಿಬಿಡುತ್ತದೆ. ಮನೆಯಲ್ಲಿ ಹೆಂಚಿನ ಮಾಡು, ಮಣ್ಣಿನ ಗೋಡೆ, ಒತ್ತೊತ್ತಾಗಿ ನಿಂತ ಜನ. ಘುಮಟ ಹುಟ್ಟಿದ್ದೇ ಆ ಅಳತೆಯ ಜಾಗಕ್ಕೆ.

ಹೋಗುವವರಿಗೆ ಕೊನೆಯದಾಗಿ ಕೆಲವು ಮಾತು. ಇದು ಮನೆಯ ಪೂಜೆ, ಪರಿಚಯದವರ ಮೂಲಕವೇ ಹೋಗಿ. ಡಿಚೋಲಿಯಲ್ಲಿ ನೆಲೆಸಿದ ಕನ್ನಡಿಗರು ಯಾರಾದರೂ ಗೊತ್ತಿದ್ದರೆ ಅವರ ನೆರೆಹೊರೆಯಲ್ಲೇ ದಾರಿ ತೆರೆದೀತು. ಬರಿಗೈಯಲ್ಲಿ ಹೋಗಬೇಡಿ, ತೆಂಗಿನಕಾಯಿ ಅಥವಾ ಹಣ್ಣು ಸಾಕು. ಆರತಿಯ ಹೊತ್ತಿಗೆ ಫೋನ್ ಒಳಗಿಡಿ, ಚಪ್ಪಾಳೆಗೆ ಕೈ ಬೇಕಾಗುತ್ತದೆ. ಹಾಡುವ ಗುಂಪು ಮುಂದಿನ ಮನೆಗೆ ಹೊರಟರೆ ಕರೆಯುತ್ತಾರೆ, ಹೋಗಿ. ಎರಡನೆಯ ಮನೆಯಲ್ಲಿ ಕೇಳುವಾಗಲೇ ಮೊದಲ ಮನೆಯಲ್ಲಿ ಕೇಳಿದ್ದು ಅರ್ಥವಾಗುವುದು. ಕೆಲವರಲ್ಲಿ ಗಣಪತಿ ಒಂದೂವರೆ ದಿನಕ್ಕೇ ಹೊರಡುತ್ತಾನೆ, ಕೆಲವರಲ್ಲಿ ಐದು, ಏಳು, ಒಂಬತ್ತು ದಿನ ಇರುತ್ತಾನೆ. ಯಾವ ಮನೆಯಲ್ಲಿ ಎಷ್ಟು ದಿನವೆಂದು ಮೊದಲೇ ಕೇಳಿಕೊಳ್ಳಿ. ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು ಕೇರಿ, ಸಾಂಖಳಿ ದಾಟಿದರೆ ಡಿಚೋಲಿ. ಆ ತಿಂಗಳು ಘಾಟಿಯಲ್ಲಿ ಮಳೆ, ಮಂಜು ಎರಡೂ ಇರುತ್ತವೆ. ಹಗಲಲ್ಲೇ ಇಳಿಯಿರಿ, ಪಾತೋಳಿಯ ಹಿಟ್ಟು ರುಬ್ಬುವ ಹೊತ್ತಿಗೆ ತಲುಪಿಕೊಳ್ಳಿ.