ಅಣ್ಣಿಗೇರಿಯ ತಲೆಬುರುಡೆಗಳು ಮತ್ತು ನಮ್ಮ ಇತಿಹಾಸದೃಷ್ಟಿ

ಬೆಳ್ವೊಲ ನಾಡಿನ ಅಣ್ಣಿಗೇರಿಯು ಕನ್ನಡ ವಾಚಕರಿಗೆ ಹೊಸ ಹೆಸರಲ್ಲ. 11ನೆಯ ಶತಮಾನದ ಅಮೃತೇಶ್ವರ ದೇವಾಲಯವು ಅಲ್ಲಿದೆ. ಕಲ್ಯಾಣ ಚಾಲುಕ್ಯರ ಕೊನೆಯ ಅರಸನಾದ ನಾಲ್ವಡಿ ಸೋಮೇಶ್ವರನಿಗೆ ಅದು ಕೆಲಕಾಲ ನೆಲೆವೀಡಾಗಿದ್ದಿತು. ಕುರ್ಕ್ಯಾಲದ ಬಂಡೆಗಲ್ಲಿನ ಶಾಸನವು ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯನ್ನು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಕರೆಯುತ್ತದೆ. ಇಂಥ ಊರಿನಲ್ಲಿ 2010ರ ಆಗಸ್ಟ್ ತಿಂಗಳಲ್ಲಿ ಚರಂಡಿಗಾಗಿ ನೆಲವನ್ನು ಅಗೆಯುತ್ತಿದ್ದಾಗ ಮನುಷ್ಯರ ತಲೆಬುರುಡೆಗಳು ಕಾಣಿಸಿಕೊಂಡವು. ಪುರಾತತ್ತ್ವ ಇಲಾಖೆಯವರು ಬಂದು ವಿಧಿವತ್ತಾಗಿ ಅಗೆಯಲಾಗಿ ಅವುಗಳ ಸಂಖ್ಯೆ ನೂರುಗಟ್ಟಲೆಗೆ ಏರಿತು. ಅವು ಒಂದರ ಮಗ್ಗುಲಿಗೊಂದು ಒತ್ತಾಗಿ, ಸಾಲುಹಿಡಿದು ಕುಳಿತಿದ್ದವು.

ಆ ದಿನಗಳಲ್ಲಿ ನಮ್ಮ ಕಡೆಯ ಕಟ್ಟೆಗಳ ಮೇಲೆ ನಡೆದ ಮಾತುಕತೆ ನನಗೆ ಇನ್ನೂ ನೆನಪಿದೆ. ಯುದ್ಧದಲ್ಲಿ ಸೋತವರ ತಲೆಗಳೆಂದು ಒಬ್ಬರು ಹೇಳಿದರೆ, ಮತದ್ವೇಷದಿಂದ ನಡೆದ ಸಾಮೂಹಿಕ ಕೊಲೆಯೆಂದು ಮತ್ತೊಬ್ಬರು ಹೇಳಿದರು. ಕೊಂದವರು ಯಾರು, ಕೊಲ್ಲಿಸಿಕೊಂಡವರು ಯಾರು ಎಂಬುದು ಹೇಳುವವರ ಒಲವಿಗೆ ತಕ್ಕಂತೆ ಬದಲಾಗುತ್ತಿದ್ದಿತು. ಪರರನ್ನು ದೂಷಿಸಿ ಫಲವಿಲ್ಲ. ನನ್ನ ಮನಸ್ಸೂ ಹಾಗೆಯೇ ಓಡಿತು. ನನಗೆ ಮೊದಲು ನೆನಪಾದದ್ದು ಅಬ್ಬಲೂರಿನ ಏಕಾಂತದ ರಾಮಯ್ಯನ ಪ್ರಸಂಗ. ಆತನು ಜೈನರೊಡನೆ ಪಂಥ ಕಟ್ಟಿ ತನ್ನ ಶಿರವನ್ನು ಅರಿದು ಶಿವನಿಗೊಪ್ಪಿಸಿ ಮರಳಿ ಪಡೆದನೆಂದೂ, ಬಿಜ್ಜಳನು ಅವನಿಗೆ ಜಯಪತ್ರ ಕೊಟ್ಟನೆಂದೂ ಅಬ್ಬಲೂರ ಶಾಸನವು ಹೇಳುತ್ತದೆ. ಹರಿಹರನೂ ಆತನ ಮೇಲೆ ರಗಳೆ ಬರೆದಿದ್ದಾನೆ. ಶಿರಸ್ಸು, ಪಂಥ, ಪರಮತ ಎಂಬ ಈ ಮೂರು ಮಾತುಗಳು ಕೂಡಿದ್ದೇ ತಡ, ಅಣ್ಣಿಗೇರಿಯ ಬುರುಡೆಗಳಿಗೆ ನನ್ನ ಮನಸ್ಸಿನಲ್ಲಿ ಒಂದು ಕಾಲವೂ ಒಂದು ಕಾರಣವೂ ಸಿದ್ಧವಾಗಿಬಿಟ್ಟವು.

ಈ ತರ್ಕವು ಎಷ್ಟು ಪೊಳ್ಳೆಂಬುದನ್ನು ಈಗ ನೋಡಬಹುದು. ಅಬ್ಬಲೂರು ಹಿರೇಕೆರೂರ ಸೀಮೆಯದು. ಅಣ್ಣಿಗೇರಿಯಿಂದ ಬಹು ದೂರ. ಅಲ್ಲಿಯ ಶಾಸನವು ಒಬ್ಬ ಭಕ್ತನು ತನ್ನ ಕೈಯಾರೆ ಕೊಟ್ಟ ಒಂದೇ ತಲೆಯ ಮಾತನ್ನು ಹೇಳುತ್ತದೆಯೇ ಹೊರತು ಸಾಮೂಹಿಕ ಹತ್ಯೆಯ ಮಾತನ್ನು ಹೇಳುವುದಿಲ್ಲ. ಗ್ರಂಥದಲ್ಲಿ ಓದಿದ್ದೊಂದು ಬಾಯಿಪಾಠವಾಗಿದ್ದರಿಂದ, ನೆಲದಲ್ಲಿ ಸಿಕ್ಕಿದ್ದಕ್ಕೆ ಅದನ್ನೇ ಹೊದಿಸಿದೆನಷ್ಟೆ. ಓದುಬಲ್ಲವರಿಗೆ ಅಂಟುವ ದೋಷವಿದು. ಓದದವರು ಕನಿಷ್ಠಪಕ್ಷ ‘ಗೊತ್ತಿಲ್ಲ’ ಎನ್ನುತ್ತಾರೆ.

ಉತ್ಖನನಕಾರನ ಪ್ರಶ್ನೆಗಳೇ ಬೇರೆ. ಬುರುಡೆಗಳು ಯಾವ ಪದರದಲ್ಲಿವೆ? ಕೆಳದವಡೆ, ಕೊರಳಿನ ಎಲುಬು ಜೊತೆಗಿವೆಯೋ ಇಲ್ಲವೋ? ಆಯುಧದ ಗಾಯದ ಗುರುತುಂಟೋ? ಹಸಿಯ ತಲೆಯನ್ನು ಕಡಿದರೆ ಕೊರಳಿನ ಒಂದೆರಡು ಎಲುಬುಗಳು ತಲೆಯೊಡನೆ ಬರುವುದು ಸಹಜ, ಕಡಿದ ಗುರುತೂ ಉಳಿಯುತ್ತದೆ. ದೇಹವು ಬಯಲಿನಲ್ಲಿ ಬಿದ್ದು ಮಾಂಸ ಕರಗಿ ಕೀಲುಗಳು ಕಳಚಿದ ಮೇಲೆ ಯಾರೋ ಆಯ್ದು ತಂದರೆ ಬುರುಡೆ ಮಾತ್ರ ಬರುತ್ತದೆ. ಆದುದರಿಂದ ‘ತಲೆಗಳು ಮಾತ್ರ ಇವೆ, ಆದ್ದರಿಂದ ಶಿರಚ್ಛೇದ’ ಎಂಬ ಅನುಮಾನವು ನಿಲ್ಲತಕ್ಕುದಲ್ಲ. ಕೊಂದವರು ಹೂಳಿದರೋ, ಉಳಿದವರು ಕರುಣೆಯಿಂದ ಕೂಡಿಸಿಟ್ಟರೋ ಎಂಬ ಎರಡು ಕಥೆಗಳಿಗೂ ಒಂದೇ ಗುಂಡಿ ಸಾಕ್ಷಿಯಾಗಬಲ್ಲದು. ಯಾವುದು ನಿಜವೆಂಬುದನ್ನು ಎಲುಬಿನ ವಿವರಗಳೇ ಹೇಳಬೇಕು.

ಕಾಲನಿರ್ಣಯದ ವಿಷಯದಲ್ಲಿಯೂ ಒಂದು ಪಾಠವುಂಟು. ಮೊದಲನೆಯ ರೇಡಿಯೋಕಾರ್ಬನ್ ಪರೀಕ್ಷೆಯು ಈ ಬುರುಡೆಗಳಿಗೆ ಸುಮಾರು ಆರುನೂರು ವರ್ಷಗಳ ಪ್ರಾಯವನ್ನು ಕೊಟ್ಟಿತು. ಕೂಡಲೆ 14ನೆಯ ಶತಮಾನದ ದಂಡಯಾತ್ರೆಗಳ ಹೆಸರುಗಳು ಕೇಳಿಬಂದವು. ಮುಂದೆ ವಿದೇಶದ ಪ್ರಯೋಗಾಲಯವೊಂದರಲ್ಲಿ ನಡೆದ ಪರೀಕ್ಷೆಯು ಅವುಗಳನ್ನು ಹೆಚ್ಚುಕಡಿಮೆ ಎರಡುನೂರು ವರ್ಷಗಳಷ್ಟು ಹತ್ತಿರಕ್ಕೆ ತಂದಿತು. ವಿಜ್ಞಾನವೇ ಎರಡು ನಾಲಿಗೆಯದೆಂದು ನಕ್ಕವರುಂಟು. ನಾನು ಹಾಗೆ ಭಾವಿಸಲಾರೆ. ಒಂದೇ ವಚನಕ್ಕೆ ಎರಡು ತಾಡವೋಲೆಗಳಲ್ಲಿ ಎರಡು ಪಾಠ ಸಿಕ್ಕರೆ ನಾವು ಮೂರನೆಯ ಪ್ರತಿಯನ್ನು ಹುಡುಕುತ್ತೇವೆ. ವಚನವೇ ಸುಳ್ಳೆಂದು ಕೈಬಿಡುವುದಿಲ್ಲ. ಅಲ್ಲದೆ ಸುಮಾರು 1650ರಿಂದೀಚಿನ ವಸ್ತುಗಳಿಗೆ ಈ ವಿಧಾನವು ನಿಖರವಾದ ವರ್ಷವನ್ನು ಕೊಡಲಾರದೆಂಬುದನ್ನು ಅದನ್ನು ಬಲ್ಲವರೇ ಒಪ್ಪುತ್ತಾರೆ. ಅಲ್ಲಿಂದ ಮುಂದಕ್ಕೆ ಲಿಖಿತ ಆಧಾರವು ನೆರವಿಗೆ ಬರಬೇಕು.

ಬಂದ ಆಧಾರವು ಯುದ್ಧದ್ದೂ ಅಲ್ಲ, ಮತಕಲಹದ್ದೂ ಅಲ್ಲ, ಹಸಿವಿನದು. 1791–92ರ ಸುಮಾರಿಗೆ ಈ ಪ್ರಾಂತದಲ್ಲಿ ಬಿದ್ದ ಘೋರ ಕ್ಷಾಮವನ್ನು ಜನರು ‘ಡೋಗಿ ಬರ’ವೆಂದು ಕರೆದರು. ಡೋಯಿ ಎಂದರೆ ಮರಾಠಿಯಲ್ಲಿ ತಲೆ. ಸತ್ತವರನ್ನು ಹೂಳಲು ಜನರಿಲ್ಲದೆ ನೆಲವೆಲ್ಲ ತಲೆಬುರುಡೆಯಾಯಿತೆಂಬುದರಿಂದ ಈ ಹೆಸರು. ಮಳೆ ಕೈಕೊಟ್ಟದ್ದು ಒಂದು ಕಾರಣವಾದರೆ, ಸೈನ್ಯಗಳ ತುಳಿದಾಟ ಇನ್ನೊಂದು ಕಾರಣ. 1790ರಿಂದ 1791ರ ಏಪ್ರಿಲ್‌ವರೆಗೆ ಪರಶುರಾಮ ಭಾವುವಿನ ಮರಾಠಾ ದಂಡು ಇಂಗ್ಲಿಷರ ತುಕಡಿಯೊಡನೆ ಟಿಪ್ಪುವಿನ ವಶದಲ್ಲಿದ್ದ ಧಾರವಾಡ ಕೋಟೆಯನ್ನು ಮುತ್ತಿ ಕುಳಿತಿದ್ದಿತು. ಅಷ್ಟು ಬಾಯಿಗಳಿಗೆ, ಅಷ್ಟು ಕುದುರೆ–ಎತ್ತುಗಳಿಗೆ ಕಾಳು ಕಣಿಕೆ ಎಲ್ಲಿಂದ ಬಂದಿತು? ಸುತ್ತಲಿನ ಎರೆಹೊಲಗಳ ರೈತನ ಹಗೇವಿನಿಂದಲೇ. ಅಣ್ಣಿಗೇರಿಯ ಬುರುಡೆಗಳು ಈ ಬರದಲ್ಲಿ ಸತ್ತವರವೆಂಬ ಅಭಿಪ್ರಾಯವೇ ಇಂದು ಹೆಚ್ಚು ಯುಕ್ತವಾಗಿ ತೋರುತ್ತದೆ.

ಧಾರವಾಡದ ಮುತ್ತಿಗೆಯನ್ನು ಬರೆದಿಟ್ಟವರು ಹಲವರು. ದಳಪತಿಗಳ ಹೆಸರು, ತೋಪುಗಳ ವಿವರ, ಒಪ್ಪಂದದ ಷರತ್ತು ಎಲ್ಲವೂ ನಮಗೆ ದೊರೆಯುತ್ತವೆ. ಅಮೃತೇಶ್ವರನಿಗೆ ಭೂಮಿ ಬಿಟ್ಟವರ ಹೆಸರೂ ಕಲ್ಲಿನಲ್ಲಿದೆ. ಹಸಿದು ಸತ್ತ ಒಬ್ಬ ಒಕ್ಕಲಿಗನ, ಒಬ್ಬ ಕೂಲಿಯ ಹೆಣ್ಣಿನ ಹೆಸರು ಎಲ್ಲಿಯೂ ಇಲ್ಲ. ಬರೆಸಬಲ್ಲವರ ಸಮಾಜವನ್ನೇ ಇಡೀ ಸಮಾಜವೆಂದು ತಿಳಿದು ಮಕ್ಕಳಿಗೆ ಬಹುಕಾಲ ಪಾಠ ಹೇಳಿದವರಲ್ಲಿ ನಾನೂ ಒಬ್ಬ. ಮಿಕ್ಕವರನ್ನು ಕಾಣಬೇಕಾದರೆ ಅವರು ಉಂಡ ಗಡಿಗೆ, ಕಟ್ಟಿದ ಒಲೆ, ತೊಟ್ಟ ಬಳೆ, ಕಡೆಗೆ ಅವರ ಎಲುಬು, ಇವುಗಳ ಬಳಿಗೇ ಹೋಗಬೇಕು.

ಶಾಸನವನ್ನಾದರೂ ಅತಿಯಾಗಿ ನಂಬಿ ಕೆಟ್ಟ ನಿದರ್ಶನವು ನಮ್ಮ ಮತದ ಇತಿಹಾಸದಲ್ಲಿಯೇ ಇದೆ. ಅಬ್ಬಲೂರ ಶಾಸನವನ್ನು ಸಂಪಾದಿಸಿದ ಫ್ಲೀಟರು ಮಹಾ ಪರಿಶ್ರಮಿಗಳು. ಅವರ ಋಣ ನಮ್ಮ ಮೇಲೆ ದೊಡ್ಡದು. ಆದರೂ ಆ ಕಲ್ಲಿನಲ್ಲಿ ಬಸವಣ್ಣನವರ ಹೆಸರಿಲ್ಲವೆಂದು ಅವರು ಬಸವಣ್ಣನವರ ಕಥನವನ್ನೇ ಶಂಕಿಸಿ, ಏಕಾಂತದ ರಾಮಯ್ಯನಿಗೆ ಮತೋದ್ಧಾರಕನ ಸ್ಥಾನವನ್ನು ಕೊಡಹೋದರು. ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ 1260ರ ಶಾಸನವು ‘ಸಂಗನಬಸವ’ನ ಹೆಸರನ್ನು ಹೊತ್ತು ಅದಾಗಲೇ ನಿಂತಿದ್ದಿತು, ಅವರಿಗೆ ಅದು ಸಿಕ್ಕಿರಲಿಲ್ಲ, ಅಷ್ಟೇ. ಸಿಗದುದನ್ನು ಇಲ್ಲದುದೆಂದು ತೀರ್ಮಾನಿಸಿದ ಈ ತಪ್ಪು ಪುರಾತತ್ತ್ವಜ್ಞರಿಗೂ ತಪ್ಪಿದ್ದಲ್ಲ. ಅರ್ಜುನವಾಡದ ಕಲ್ಲು ಬಯಲಿಗೆ ಬಾರದೆ ಯಾವುದೋ ಕಟ್ಟಡದ ತಳಪಾಯಕ್ಕೆ ಸೇರಿಬಿಟ್ಟಿದ್ದರೆ ನಮ್ಮ ವಾದವು ಇಂದು ಎಲ್ಲಿ ನಿಲ್ಲುತ್ತಿತ್ತು?

ಬರಹವೇ ಹುಟ್ಟದ ಕಾಲಕ್ಕೆ ಹೋದರೆ ಅಗೆತದ ಹೊರತು ಗತಿಯಿಲ್ಲ. ಹಂಪೆಯ ಬಳಿ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯನ್ನು ಸುಟ್ಟ ಸ್ಥಳವೆಂದು ಜನ ತೋರಿಸುತ್ತಾರೆ. ಇಂಥದೇ ದಿಬ್ಬವೊಂದನ್ನು ತೆಲಂಗಾಣದ ಉಟ್ನೂರಿನಲ್ಲಿ ಆಲ್ಚಿನ್ ಅವರು 1957ರಲ್ಲಿ ಅಗೆದಾಗ ದನಗಳ ಗೊರಸಿನ ಗುರುತುಗಳೂ ದೊಡ್ಡಿಯ ಬೇಲಿಗೆ ನೆಟ್ಟ ಗೂಟಗಳ ಕುಳಿಗಳೂ ದೊರೆತವು. ನವಶಿಲಾಯುಗದ ದನಗಾಹಿಗಳು ಸಗಣಿಯ ರಾಶಿಗೆ ಮತ್ತೆ ಮತ್ತೆ ಬೆಂಕಿಯಿಟ್ಟು ಉಂಟಾದ ಬೂದಿಯದು. ವಾಲಿಯ ಕಥೆಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ದನದ ಹಿಂಡನ್ನು ನಂಬಿ ನಾಲ್ಕು ಸಾವಿರ ವರ್ಷಗಳ ಹಿಂದೆ ಬದುಕಿದ ಜನರ ಕಥೆ ಅದಕ್ಕಿಂತ ಚಿಕ್ಕದೆಂದೂ ನನಗೆ ತೋರುವುದಿಲ್ಲ.

ನವಲಗುಂದ, ಕುಂದಗೋಳ, ಕಲಘಟಗಿಗಳ ಸುತ್ತ ‘ಹಾಳೂರು’ ಎಂದು ಕರೆಯಿಸಿಕೊಳ್ಳುವ ದಿಬ್ಬಗಳನ್ನು ಬಲ್ಲವರು ಇನ್ನೂ ಇದ್ದಾರೆ. ಅಲ್ಲಿಯ ಬೂದುಮಣ್ಣು ಬೆಳೆಗೆ ಒಳ್ಳೆಯದೆಂದು ರೈತರು ಹೊಲಕ್ಕೆ ಹೇರುವುದು ಹಳೆಯ ರೂಢಿ. ಹಿಂದೆ ಚಕ್ಕಡಿಯಲ್ಲಿ ಒಯ್ಯುತ್ತಿದ್ದುದನ್ನು ಈಗ ಯಂತ್ರಗಳಿಂದ ಬಗೆದು ಟ್ರ್ಯಾಕ್ಟರುಗಳಲ್ಲಿ ಸಾಗಿಸುತ್ತಾರೆ. ಒಂದು ದಿಬ್ಬ ಒಂದೇ ವಾರದಲ್ಲಿ ನೆಲಸಮವಾಗುತ್ತದೆ. ಆಯಾ ಊರಿನ ಶಿಕ್ಷಕರು ಮಣ್ಣು ಹೋಗುವ ಮುನ್ನ ದಿಬ್ಬದ ಸ್ಥಳ, ಅಳತೆ, ಮೇಲೆ ಕಾಣುವ ವಸ್ತುಗಳನ್ನು ಒಂದು ವಹಿಯಲ್ಲಿ ಬರೆದಿಟ್ಟು ಇಲಾಖೆಗೆ ತಿಳಿಸಿದರೂ ಸಾಕು. ನಾನು ಹುಡುಗನಾಗಿದ್ದಾಗ ನಮ್ಮ ಹೊಲಕ್ಕೂ ಅಂಥ ಮಣ್ಣು ಬಂದಿತ್ತು. ಅದರಲ್ಲಿ ಕಪ್ಪು–ಕೆಂಪು ಗಡಿಗೆಯ ಚೂರುಗಳೂ ಒಂದಿಷ್ಟು ಬಳೆಯ ತುಂಡುಗಳೂ ಇದ್ದವು. ನೇಗಿಲಿಗೆ ಅಡ್ಡಬರುತ್ತವೆಂದು ಅವನ್ನು ಆಯ್ದು ಬದುವಿನಾಚೆಯ ಹಳ್ಳಕ್ಕೆ ಎಸೆಯುವ ಕೆಲಸ ನನ್ನದಾಗಿತ್ತು.