ಕೊಂಬು ನೋಡಿ ಕೊಡುವ ಬಹುಮಾನ

ಹಳ್ಳಿಕಾರ್ ರಾಸು ಹೇಗಿರಬೇಕೆಂದು ಜೂಜುವಾಡಿ, ಅತ್ತಿಬೆಲೆ ಸುತ್ತಿನ ಹಳೆಯ ಬೇಸಾಯಗಾರರನ್ನು ಕೇಳಿದರೆ ಉತ್ತರ ನಾಲಗೆ ತುದಿಯಲ್ಲೇ ಇರುತ್ತದೆ. ಮುಖ ನೀಳವಾಗಿರಬೇಕು, ಹಣೆ ಉಬ್ಬಿ ನಡುವೆ ಗೆರೆ ಬಿದ್ದಿರಬೇಕು, ಗಂಗೆದೊಗಲು ಜೋತಾಡಬಾರದು. ಕೊಂಬು ನೆತ್ತಿಯ ಮೇಲೆ ಒಂದಕ್ಕೊಂದು ಹತ್ತಿರ ಹುಟ್ಟಿ, ನೇರ ಹಿಂದಕ್ಕೆ ಹೋಗಿ, ಆಮೇಲೆ ಮುಂದಕ್ಕೆ ಬಾಗಿ ಚೂಪಾಗಬೇಕು. ಬಣ್ಣ ಬೂದು; ಹೆಗಲು, ತೊಡೆಗಳ ಕಡೆ ಗಾಢ. 2000ದಲ್ಲಿ ಅಂಚೆ ಇಲಾಖೆ ದೇಶೀ ತಳಿಗಳ ಚೀಟಿ ತಂದಾಗ ಹಳ್ಳಿಕಾರ್‌ಗೂ ಒಂದು ಮೀಸಲಾಯಿತು. ಚಿತ್ರಕ್ಕೆ ಒಪ್ಪುವ ದನ ಇದು, ಸಂದೇಹವಿಲ್ಲ. ಆದರೆ ಆ ಚಿತ್ರವೇ ಜಾತ್ರೆಯ ಬಹುಮಾನಕ್ಕೆ ಅಳತೆಗೋಲಾಗಿರುವುದು ನನ್ನ ತಕರಾರು.

ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆಯಂಥ ಜಾತ್ರೆಗಳಲ್ಲಿ ರಾಸುಗಳನ್ನು ಹಲ್ಲಿನ ಲೆಕ್ಕದಲ್ಲಿ ವಿಂಗಡಿಸುತ್ತಾರೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಆರು, ಬಾಯಿಗೂಡಿದವು. ಇದು ಬಹಳ ಒಳ್ಳೆಯ ಪದ್ಧತಿ. ವಯಸ್ಸನ್ನು ರಾಸಿನ ಬಾಯಿಯೇ ಹೇಳುತ್ತದೆ, ಮಾಲೀಕನ ಮಾತು ನಂಬಬೇಕಿಲ್ಲ. ತೊಡಕಿರುವುದು ಅಲ್ಲಿಂದ ಮುಂದೆ. ಜೋಡಿಯ ಎತ್ತರ ಸಮವೇ, ಬಣ್ಣ ಹೊಂದುತ್ತದೆಯೇ, ಕೊಂಬು ಒಂದೇ ತೆರನಾಗಿವೆಯೇ ಎಂಬುದರ ಮೇಲೆ ತೀರ್ಪು ನಿಲ್ಲುತ್ತದೆ. ಕೊಂಬನ್ನು ಹೆರೆದು, ಎಣ್ಣೆ ಹಚ್ಚಿ ತಿದ್ದುವುದು ಊರಿಗೆಲ್ಲ ಗೊತ್ತಿರುವ ಕೆಲಸ. ಹೆರೆದ ಕೊಂಬಿನಲ್ಲಿ ಕಾಣುವುದು ಹೆರೆದವನ ಕೈಚಳಕ. ಹುಟ್ಟುಗುಣ ಅದರಲ್ಲಿ ಕಾಣದು. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಗೆಲ್ಲುವ ಎಷ್ಟೋ ಜೋಡಿಗಳು ಬೀಜ ಒಡೆಸಿದ ಎತ್ತುಗಳು, ಇಲ್ಲವೇ ನಾಳೆ ಒಡೆಸುವ ಹೋರಿಗಳು. ಅವುಗಳ ಚಂದ ಅವುಗಳೊಂದಿಗೇ ಮುಗಿಯುತ್ತದೆ. ಅವನ್ನು ಈದ ಹಸುವನ್ನು ಮೈದಾನಕ್ಕೆ ಕರೆತರುವವರು ವಿರಳ. ತಳಿ ಮುಂದುವರಿಯುವುದು ಮಾತ್ರ ಕೊಟ್ಟಿಗೆಯಲ್ಲಿ ಉಳಿದ ಆ ಹಸುವಿನಿಂದ.

ಬೇರೆ ಕಡೆ ಬಹುಮಾನ ಕೊಡುವ ಕ್ರಮ ಹೇಗಿದೆ ಎಂಬುದಕ್ಕೆ ಪೆರು ದೇಶದ ಅಲ್ಪಾಕಾ ಎಂಬ ಪ್ರಾಣಿಯನ್ನು ನೋಡಿ. ಅದನ್ನು ಸಾಕುವುದು ಮುಖ್ಯವಾಗಿ ಉಣ್ಣೆಗೆ. ಅಮೆರಿಕ, ಬ್ರಿಟನ್ನಿನ ಪ್ರದರ್ಶನಗಳಲ್ಲಿ ಹುವಕಾಯ, ಸೂರಿ ಎಂಬ ಎರಡು ಬಗೆಗಳನ್ನು ಬೇರೆ ಬೇರೆ ನಿಲ್ಲಿಸಿ, ಮೈಕಟ್ಟಿನ ಜೊತೆಗೆ ಉಣ್ಣೆಯನ್ನು ಬಿಡಿಸಿ ಎಳೆಯ ನವಿರು, ದಟ್ಟಣೆ ನೋಡುತ್ತಾರೆ. ಕತ್ತರಿಸಿದ ಉಣ್ಣೆಗೇ ಪ್ರತ್ಯೇಕ ಸ್ಪರ್ಧೆಯೂ ಉಂಟು. ಆ ಪದ್ಧತಿಯನ್ನು ಕಣ್ಣುಮುಚ್ಚಿ ಹೊಗಳಬೇಕಿಲ್ಲ. ಪೆರುವಿನ ಎಲ್ ಯಾರಲ್‌ನಲ್ಲಿ ಸಿಕ್ಕ, ಸುಮಾರು ಸಾವಿರ ವರ್ಷ ಹಿಂದಿನ ಅಲ್ಪಾಕಾ ಮಮ್ಮಿಗಳ ಉಣ್ಣೆ ಇಂದಿನ ಬಹುಪಾಲು ಹಿಂಡುಗಳದ್ದಕ್ಕಿಂತ ನವಿರು ಎಂದು ಜೇನ್ ವೀಲರ್ ಅವರ ಸಂಶೋಧನೆ ತೋರಿಸಿದೆ. ಪದಕ, ಪ್ರದರ್ಶನ ಯಾವುದೂ ಇಲ್ಲದ ಕಾಲದ ಸಾಧನೆ ಅದು. ಹಾಗಿದ್ದರೂ ಯಾವ ಉಪಯೋಗಕ್ಕೆ ಸಾಕುತ್ತಾರೋ ಅದನ್ನೇ ಮುಟ್ಟಿ ಪರೀಕ್ಷಿಸುವ ಕ್ರಮ ಅಲ್ಲಿದೆ. ನಮ್ಮಲ್ಲಿ ನೊಗ ಹೂಡದೆಯೇ ಎತ್ತಿಗೆ ಬಹುಮಾನ.

ಸಂಕ್ರಾಂತಿಯ ಆಸುಪಾಸಿನಲ್ಲಿ ಕೃಷ್ಣಗಿರಿ ಜಿಲ್ಲೆಯ ಊರುಗಳಲ್ಲಿ ಹೋರಿ ಬಿಡುವ ಹಬ್ಬ ನಡೆಯುತ್ತದೆ. ಇಂಥ ಆಟಗಳಿಗೆ ಅವಕಾಶ ಕೊಟ್ಟ ತಮಿಳುನಾಡಿನ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಈ ಹಬ್ಬದಲ್ಲಿ ಲೆಕ್ಕಕ್ಕೆ ಬರುವುದು ಓಟದ ಸೆಕೆಂಡುಗಳು. ಕೊಂಬಿಗಿಂತ ಓಟ ನಿಜವಾದ ಗುಣ, ಒಪ್ಪುತ್ತೇನೆ. ಆದರೆ ಗದ್ದಲಕ್ಕೆ ಬೆದರಿ ಒಂದು ಬೀದಿ ಓಡುವುದೇ ಬೇರೆ, ಹೊರೆ ಹೊತ್ತು ದಿನವಿಡೀ ಒಂದೇ ನಡಿಗೆಯಲ್ಲಿ ಸಾಗುವುದೇ ಬೇರೆ. ಹೈದರ್, ಟಿಪ್ಪುವಿನ ದಂಡಿನ ಫಿರಂಗಿ ಎಳೆದ ಅಮೃತಮಹಲ್ ತಳಿ ಹಳ್ಳಿಕಾರ್‌ನಿಂದಲೇ ಬೆಳೆದು ಬಂದದ್ದು. ಅದಕ್ಕೆ ಹೆಸರು ತಂದದ್ದು ದಣಿಯದ ಆ ನಡಿಗೆ.

ಟ್ರ್ಯಾಕ್ಟರ್ ಬಂದ ಮೇಲೆ, ಜೂಜುವಾಡಿಯ ಹೊಲಗಳೆಲ್ಲ ಕಾರ್ಖಾನೆಯ ಕಾಂಪೌಂಡ್ ಆದ ಮೇಲೆ ಎಳೆಯುವ ಶಕ್ತಿ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಬೇಡವೆಂದು ಬಿಟ್ಟರೆ ಹಳ್ಳಿಕಾರ್‌ನ ಕೊಂಬು ಉಳಿದೀತು, ಕಾಲು, ಗೊರಸು, ಉಸಿರು ಉಳಿಯವು. ಮೈಕಟ್ಟಿಗೆ ಕೊಡುವಷ್ಟೇ ಅಂಕವನ್ನು ನೊಗ ಹೂಡಿ ಹೊರೆಯೊಡನೆ ನಡೆಸಿ ನೋಡಿದ ಮೇಲೆ ಕೊಡಬೇಕು. ಬೀಜದ ಹೋರಿಯನ್ನು ಅದರ ಕರುಗಳ ಜೊತೆ ನಿಲ್ಲಿಸಿ ಅಳೆಯಬೇಕು. ಮತ್ತಿಗಿರಿಯ ಸರ್ಕಾರಿ ಜಾನುವಾರು ಕ್ಷೇತ್ರದ ಪಶುವೈದ್ಯರನ್ನು ತೀರ್ಪಿಗೆ ಕರೆಯುವುದು ನಮಗೇನೂ ದೂರದ ಮಾತಲ್ಲ. ಜಾತ್ರೆ ನಡೆಸುವ ಸಮಿತಿಗಳಲ್ಲಿ ನನ್ನ ಬೇಡಿಕೆ ಇಷ್ಟೇ: ಇಷ್ಟನ್ನೂ ಒಮ್ಮೆಗೇ ಮಾಡಲಾಗದಿದ್ದರೆ, ಬರುವ ಸಲ ಕರುವಿನೊಡನೆ ಬಂದ ಹಳ್ಳಿಕಾರ್ ಹಸುವಿಗೆ ಒಂದು ಬಹುಮಾನವನ್ನಾದರೂ ಇಡಿ, ಅದರ ಮೊತ್ತ ಜೋಡೆತ್ತಿನದಕ್ಕಿಂತ ಕಡಿಮೆಯಾಗದಿರಲಿ.