ಮೈಯಳತೆಯ ಬುರುಡೆ, ಒಂದೇ ಅಳತೆಯ ಜಾಕೆಟ್

ಕೃಷ್ಣೆಯ ನಡುವಿನ ನೀಲಕಂಠರಾಯನಗಡ್ಡಿಯಿಂದ 2014ರ ಜುಲೈ ಕೊನೆಯಲ್ಲಿ ತುಂಬು ಗರ್ಭಿಣಿಯೊಬ್ಬಳು ಉಕ್ಕುವ ಹೊಳೆಗೆ ಇಳಿದು ಈಚೆ ದಡ ಸೇರಿದ ಸುದ್ದಿ ದೇಶದ ಗಡಿ ದಾಟಿ ಹೋಯಿತು. ಆಕೆಗೆ ಆಗ 22 ವರ್ಷ, ಒಂಬತ್ತನೇ ತಿಂಗಳು ನಡೆಯುತ್ತಿತ್ತು. ಹೆರಿಗೆಗೆ ಕಕ್ಕೇರಾದ ಆಸ್ಪತ್ರೆಯೇ ಗತಿ. ತೆಪ್ಪ ನಡೆಸುವ ಸ್ಥಿತಿ ಇರಲಿಲ್ಲ. ಒಣಗಿದ ಸೋರೆ, ಕುಂಬಳದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಂದೆ ಮತ್ತು ಸೋದರರ ಆಸರೆಯಲ್ಲಿ ಆಕೆ ಈಜಿದಳು. ಆಕೆಯ ಧೈರ್ಯದ ಬಗ್ಗೆ, ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಆ ನಡುಗಡ್ಡೆಗೆ ದಾರಿಯಿಲ್ಲದ್ದರ ಬಗ್ಗೆ ಬೇಕಾದಷ್ಟು ಬರೆದರು, ಬರೆಯಬೇಕಾದದ್ದೇ. ಆದರೆ ಆಕೆಯನ್ನು ತೇಲಿಸಿದ ಸಲಕರಣೆಯನ್ನು ಸಲಕರಣೆಯೆಂದು ಪರಿಗಣಿಸಿ, ಅದರ ಗುಣದೋಷ ಅಳೆದವರು ಕಡಿಮೆ. ಅದನ್ನು ಪವಾಡದ ಸಾಮಗ್ರಿ ಎಂದೋ ಬಡತನದ ಗುರುತು ಎಂದೋ ನೋಡಿ ಮುಂದೆ ಹೋಗಿಬಿಟ್ಟರು.

ಬಳ್ಳಿಯಲ್ಲೇ ಬಲಿತು ಒಣಗಿದ ಸೋರೆಯ ಸಿಪ್ಪೆ ಗಡುಸಾಗುತ್ತದೆ. ಒಳಗಿನ ತಿರುಳು ಕುಗ್ಗಿ ಗಾಳಿಗೆ ಜಾಗವಾಗುತ್ತದೆ. ನೀರಿನಲ್ಲಿ ಒಂದು ಲೀಟರ್ ಜಾಗ ಹಿಡಿಯುವ ಹಗುರ ವಸ್ತು ಸುಮಾರು ಒಂದು ಕೆ.ಜಿ.ಯಷ್ಟು ಮೇಲೆತ್ತುತ್ತದೆ. ದೊಡ್ಡವರ ಬಾಯಿ ಮೂಗು ನೀರಿನ ಮೇಲೆ ನಿಲ್ಲಲು ಬೇಕಾಗುವ ಹೆಚ್ಚುವರಿ ತೇಲುಬಲ ಬಹುಪಾಲು 3ರಿಂದ 5.5 ಕೆ.ಜಿ. ಅಂದರೆ ಮೂರು ಲೀಟರಿನ ಎರಡು ಬುರುಡೆ ಇದ್ದರೆ ಲೆಕ್ಕ ಸರಿಹೋಗುತ್ತದೆ. ಹೊಳೆದಂಡೆಯವರು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿದವರಲ್ಲ. ದಪ್ಪ ಮನುಷ್ಯನಿಗೆ ಎಂಥ ಬುರುಡೆ, ಮೊದಲ ಸಲ ಬಾವಿಗಿಳಿಯುವ ಹುಡುಗನಿಗೆ ಎಂಥದ್ದು, ಹಗ್ಗ ಕಂಕುಳ ಕೆಳಗೆ ಬರಬೇಕೋ ಸೊಂಟಕ್ಕೋ ಎಂಬುದನ್ನು ಕಟ್ಟುವವರು ಎದುರಿಗಿರುವ ಮೈ ನೋಡಿಯೇ ತೀರ್ಮಾನಿಸುತ್ತಾರೆ. ತುಂಬಿದ ಹೊಟ್ಟೆಯ ಮೇಲೆ ಪಟ್ಟಿ ಬಿಗಿಯುವಂತಿಲ್ಲ ಎಂಬುದು ಹಗ್ಗ ಹಿಡಿದ ಕೈಗೆ ತಾನಾಗಿ ತಿಳಿಯುತ್ತದೆ. ಈ ಪದ್ಧತಿಯ ನಿಜವಾದ ಶ್ರೇಷ್ಠತೆ ಇರುವುದು ಇಲ್ಲಿ. ಬುರುಡೆಗೆ ಸಿದ್ಧ ಅಳತೆಯೆಂಬುದಿಲ್ಲ, ಪ್ರತಿ ಸಲವೂ ಹೊಸದಾಗಿ ಆ ಮೈಗೇ ಹೊಂದಿಸಬೇಕು. ಹಿಂದೆ ಅಸ್ಸೀರಿಯಾದ ಸೈನಿಕರು ಗಾಳಿ ತುಂಬಿದ ತೊಗಲಿನ ಚೀಲವನ್ನು ಎದೆಗವಚಿ ನದಿ ಈಜುವ ದೃಶ್ಯ ಕ್ರಿ.ಪೂ. 9ನೇ ಶತಮಾನದ ಕಲ್ಲಿನ ಕೆತ್ತನೆಗಳಲ್ಲಿದೆ. ಅಲ್ಲಿಯೂ ತೇಲುವ ವಸ್ತುವನ್ನು ಮೈಯೇ ಹಿಡಿದು ಸಂಭಾಳಿಸುತ್ತದೆ.

ಹಾಗೆಂದು ಬುರುಡೆಯನ್ನು ಹೊಗಳಿ ಮುಗಿಸಿದರೆ ಅದು ಅಪ್ರಾಮಾಣಿಕ ವಿಮರ್ಶೆಯಾದೀತು. ನಮ್ಮ ಕಡೆ ಈಜು ಕಲಿಯುವವರ ಬೆನ್ನಿಗೇ ಬೆಂಡು, ಡಬ್ಬಿ, ಬುರುಡೆ ಕಟ್ಟುವುದು ರೂಢಿ. ಕೈಕಾಲು ಬಡಿಯುವವನಿಗೆ ಅದು ಅನುಕೂಲ, ಏಕೆಂದರೆ ಎದೆ ಕೆಳಗಾಗಿ ಈಜುವಾಗ ಬೆನ್ನ ಮೇಲಿನ ತೇಲು ಅಡ್ಡ ಬರುವುದಿಲ್ಲ. ಆದರೆ ಸುಸ್ತಾಗಿಯೋ ತಲೆಗೆ ಕಲ್ಲು ಬಡಿದೋ ಪ್ರಜ್ಞೆ ತಪ್ಪಿದರೆ ಅದೇ ಬುರುಡೆ ಬೆನ್ನನ್ನು ಮೇಲಕ್ಕೂ ಮುಖವನ್ನು ನೀರಿನೊಳಕ್ಕೂ ಹಿಡಿದಿಡುತ್ತದೆ. ಸಿಪ್ಪೆ ಬಂಡೆಗೆ ತಾಗಿದರೆ ಒಡೆಯುತ್ತದೆ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಕೆಳಗಿನ ಕೃಷ್ಣೆ ಬಂಡೆಗಳ ಮೇಲೆಯೇ ಹಾಯುತ್ತದೆ ಎಂಬುದು ನೆನಪಿರಬೇಕು. ನೆನೆದ ಹಗ್ಗದ ಗಂಟು ಸಡಿಲಬಹುದು, ಇಲ್ಲವೇ ಬಿಚ್ಚಲಾರದಷ್ಟು ಬಿಗಿಯಬಹುದು. ಬುರುಡೆ ಈಜು ಬಲ್ಲವರ ಸಲಕರಣೆ. ಈಜು ಬಾರದವರನ್ನು ಅದರ ಮೇಲೆ ನಂಬಿಕೆಯಿಟ್ಟು ಹೊಳೆಗೆ ಇಳಿಸುವುದನ್ನು ನಾನು ಒಪ್ಪಲಾರೆ.

ಎದೆಯ ಕಡೆ ಹೆಚ್ಚು ತೇಲುಬಲವಿಟ್ಟು, ಕುತ್ತಿಗೆಯ ಹಿಂದೆ ತಲೆಗೆ ಆಸರೆ ಕೊಟ್ಟ ಲೈಫ್ ಜಾಕೆಟ್, ಮುಖ ನೀರಿನೊಳಕ್ಕಾಗುವ ಈ ದೋಷಕ್ಕೆ ಉತ್ತರವಾಗಿಯೇ ರೂಪುಗೊಂಡದ್ದು. 100 ನ್ಯೂಟನ್ ಮತ್ತು ಅದಕ್ಕೆ ಮೇಲ್ಪಟ್ಟ ತೇಲುಬಲದ ಜಾಕೆಟ್‌ನ ಉದ್ದೇಶವೇ ತೊಟ್ಟವರ ಮುಖವನ್ನು ಆಕಾಶದ ಕಡೆ ತಿರುಗಿಸುವುದು. 50 ನ್ಯೂಟನ್‌ನದು ದಡದ ಹತ್ತಿರವೇ ಇರುವ ಈಜುಗಾರನಿಗೆ ನೆರವು ಮಾತ್ರ. ನೋಡಲು ಎರಡೂ ಒಂದೇ ಕಿತ್ತಳೆ ಬಣ್ಣದವು, ದೋಣಿಯಲ್ಲಿ ಕೈಗೆ ಕೊಡುವಾಗ ವ್ಯತ್ಯಾಸ ಕಾಣುವುದಿಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಶಹಾಪುರ ತಾಲೂಕಿನ ಕೊಳ್ಳೂರು ಸೇತುವೆ ಮುಳುಗಿತು. 2020ರ ಅಕ್ಟೋಬರ್‌ನಲ್ಲಿ ಭೀಮೆಯ ಸರದಿ. ಇಂಥ ಯಾವ ಪ್ರವಾಹದ ಚಿತ್ರಗಳನ್ನು ನೋಡಿದರೂ ನನ್ನ ಕಣ್ಣು ಮೊದಲು ಹೋಗುವುದು ದೋಣಿಯಲ್ಲಿ ಕೂತ ಮಕ್ಕಳ ಭುಜದ ಮೇಲೆ. ದೊಡ್ಡವರ ಜಾಕೆಟ್ ಅವರ ಕಿವಿಯವರೆಗೆ ಏರಿರುತ್ತದೆ. ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆದಾಗ ಜಾಕೆಟ್ ಗದ್ದ ದಾಟಿ ಬಂದರೆ ಅದು ಆ ಮೈಗೆ ಸಡಿಲ ಎಂದರ್ಥ. ದಡದಲ್ಲೇ ಒಂದು ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆಯಿದು. ನೀರಿಗೆ ಬಿದ್ದಾಗ ಸಡಿಲ ಜಾಕೆಟ್ ತಾನು ತೇಲುತ್ತದೆ, ಮಗು ಅದರೊಳಗಿಂದ ಜಾರುತ್ತದೆ. ಮಕ್ಕಳ ಜಾಕೆಟ್‌ಗಳನ್ನು ತೂಕ ನೋಡಿ ಆರಿಸಬೇಕು. ಮೈಗೆ ಹೋಲಿಸಿದರೆ ಮಕ್ಕಳ ತಲೆ ಭಾರ, ಹಾಗಾಗಿ ಕೊರಳ ಹಿಂದಿನ ಆಸರೆ ಅವರಿಗೇ ಹೆಚ್ಚು ಬೇಕು.

ಜಾಕೆಟ್ ಮೇಲೇರದಂತೆ ತಡೆಯಲು ಎರಡು ತೊಡೆಗಳ ನಡುವೆ ಹಾಯುವ ಪಟ್ಟಿಯೊಂದು ಕೆಲವದರಲ್ಲಿ ಇರುತ್ತದೆ. ಪ್ಯಾಂಟ್ ತೊಟ್ಟವರಿಗೆ ಅದು ಸರಿ. ಸೀರೆಯುಟ್ಟ ಹೆಣ್ಣುಮಗಳಿಗೆ ಆ ಪಟ್ಟಿ ಹೇಗೆ ಹಾಕುವುದು? ನೆರಿಗೆ ಎತ್ತಿ ಕಟ್ಟದೆ ಸಾಧ್ಯವಿಲ್ಲ. ನೆರೆದ ಗಂಡಸರ ನಡುವೆ ಆಕೆ ಅದಕ್ಕೆ ಒಪ್ಪುವುದಿಲ್ಲ, ಒಪ್ಪಬೇಕೆಂದು ಒತ್ತಾಯಿಸಲು ಯಾರಿಗೂ ಹಕ್ಕಿಲ್ಲ. ಪಟ್ಟಿ ಹಾಗೇ ಜೋತಾಡುತ್ತದೆ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡು ಒದೆಯಲು ಬಿಡುವುದಿಲ್ಲವಾದ್ದರಿಂದ ಆಕೆಗೆ ಜಾಕೆಟ್ ಇನ್ನೂ ಬಿಗಿಯಾಗಿ ಕೂರಬೇಕಾಗಿರುತ್ತದೆ. ಹಳೆಯ ಕಚ್ಚೆ ಸೀರೆಯಲ್ಲಿ ಕಾಲುಗಳಿಗೆ ಇದ್ದ ಸ್ವಾತಂತ್ರ್ಯ ಇಂದಿನ ಉಡುಗೆಯಲ್ಲಿಲ್ಲ. ಯಾದಗಿರಿಯ ಹೊಳೆಸಾಲಿಗೆ ಜಾಕೆಟ್ ಖರೀದಿಸುವವರು ಎದೆ ಮತ್ತು ಸೊಂಟದ ಎರಡೂ ಕಡೆ ಪಟ್ಟಿಯಿದ್ದು, ಪಕ್ಕದಿಂದ ಬಿಗಿಯಬಹುದಾದ ಮಾದರಿಯನ್ನೇ ಕೇಳಿ ಪಡೆಯಬೇಕು.

ಹೊಂದಿಕೆಯನ್ನು ಜೀವದ ಪ್ರಶ್ನೆಯಾಗಿ ನೋಡುವ ಸಂಸ್ಕೃತಿ ಎಲ್ಲಾದರೂ ಬೆಳೆದಿದ್ದರೆ ಅದು ಸ್ಕೂಬಾದಲ್ಲಿ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗುವ ಒಳನಾಡಿನ ಹುಡುಗರು ಅಲ್ಲಿ ಮೊದಲು ಕಲಿಯಬೇಕಾದ ಪಾಠವೂ ಇದೇ. ಮಾಸ್ಕ್ ಅನ್ನು ಪಟ್ಟಿಯಿಲ್ಲದೆ ಮುಖಕ್ಕಿಟ್ಟು ಮೂಗಿನಿಂದ ಮೆಲ್ಲಗೆ ಉಸಿರೆಳೆದರೆ ಅದು ತಾನಾಗಿ ನಿಲ್ಲಬೇಕು. ಬಿದ್ದರೆ ಆ ಮಾಸ್ಕ್ ಎಷ್ಟು ದುಬಾರಿಯದಾದರೂ ಆ ಮುಖದ್ದಲ್ಲ. ನಮ್ಮ ಕಡೆಯ ಹುರಿಮೀಸೆ ಇಲ್ಲಿ ದೊಡ್ಡ ಅಡ್ಡಿ. ಸಿಲಿಕೋನ್ ಅಂಚು ಕೂದಲ ಮೇಲೆ ಕೂತರೆ ಆ ಸಂದಿನಿಂದ ನೀರು ಬರುತ್ತದೆ. ಮೂಗಿನ ಕೆಳಗೆ ಒಂದು ಸಣ್ಣ ಗೆರೆಯಷ್ಟು ಮೀಸೆ ತೆಗೆದರೆ ಸಾಕು, ಪೂರ್ತಿ ಬೋಳಿಸಬೇಕಿಲ್ಲ. ಬರಿಗಾಲಲ್ಲಿ ಹೊಲ ತುಳಿದು ಬೆಳೆದವರ ಪಾದದ ಮುಂಭಾಗ ಅಗಲ. ಬೂಟಿನಂತೆ ಪೂರ್ತಿ ಮುಚ್ಚಿದ ಫಿನ್ ಅವರ ಬೆರಳುಗಳನ್ನು ಹಿಂಡಿ ಸೆಳೆತ ತರುತ್ತದೆ, ಹಿಮ್ಮಡಿ ತೆರೆದು ಪಟ್ಟಿಯಿಂದ ಬಿಗಿಯುವ ಫಿನ್ ಅವರಿಗೆ ಒಗ್ಗುತ್ತದೆ. ಗಾಳಿ ತುಂಬುವ ಬಿಸಿಡಿ ಜಾಕೆಟ್ ಗಿಡ್ಡ ಮೈಯವರಿಗೆ ಉದ್ದವಾದರೆ ಸಿಲಿಂಡರ್ ತಲೆಗೆ ತಾಗುತ್ತದೆ, ಸಡಿಲವಾದರೆ ಪಕ್ಕಕ್ಕೆ ವಾಲುತ್ತದೆ. ಹೆಣ್ಣುಮಕ್ಕಳ ಭುಜ, ಎದೆಗೆ ಹೊಂದುವಂತೆ ಪಟ್ಟಿಗಳನ್ನು ಬೇರೆ ಬಾಗಿಸಿ ಹೊಲಿದ ಮಾದರಿಗಳು ಮಾರುಕಟ್ಟೆಯಲ್ಲಿವೆ. ಬಾಡಿಗೆಯ ರಾಶಿಯಲ್ಲಿ ಸಿಗದಿದ್ದರೆ ಕೇಳಲು ಸಂಕೋಚಪಡಬಾರದು, ಸಿಗದೇ ಹೋದರೆ ಆ ದಿನದ ಡೈವ್ ಬಿಡುವುದೇ ಒಳ್ಳೆಯದು.

ಸಮುದ್ರದಲ್ಲಿ ಕಲಿತವನು ನಮ್ಮ ಹೊಳೆಗೆ ಬಂದಾಗ ಹೊಂದಿಕೆಯ ಲೆಕ್ಕ ಮತ್ತೆ ಬದಲಾಗುತ್ತದೆ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಶೇ 2.5ರಷ್ಟು ಸಾಂದ್ರ. ಸಲಕರಣೆ ಸೇರಿ 100 ಕೆ.ಜಿ. ತೂಗುವವನು ಮುಳುಗಲೆಂದು ನೇತ್ರಾಣಿಯಲ್ಲಿ ಸೊಂಟದ ಬೆಲ್ಟಿಗೆ ಕಟ್ಟಿದಷ್ಟೇ ಸೀಸವನ್ನು ಕೃಷ್ಣೆಯಲ್ಲೂ ಕಟ್ಟಿಕೊಂಡರೆ ಸುಮಾರು ಎರಡೂವರೆ ಕೆ.ಜಿ. ಹೆಚ್ಚಾಗಿ ತಳಕ್ಕೆಳೆಯಲ್ಪಡುತ್ತಾನೆ. ಹತ್ತು ಮೀಟರ್ ಆಳದಲ್ಲಿ ಗಾಳಿಯ ಗಾತ್ರ ಅರ್ಧಕ್ಕಿಳಿಯುತ್ತದೆ, ವೆಟ್‌ಸೂಟ್‌ನ ಗುಳ್ಳೆಗಳೂ ಕುಗ್ಗುತ್ತವೆ, ಮೇಲೆ ಬಿಗಿಯಾಗಿದ್ದ ಆ ಬೆಲ್ಟ್ ಅಲ್ಲಿ ಸಡಿಲವಾಗುತ್ತದೆ. ಮುಳುಗಿದವರನ್ನು ಹುಡುಕಲು ಭೀಮೆಯ ಕೆಂಪು ನೀರಿಗೆ ಇಳಿಯುವವನಿಗೆ ತನ್ನ ಅಂಗೈಯೇ ಕಾಣುವುದಿಲ್ಲ. ಅಂಥಲ್ಲಿ ಸೋರುವ ಮಾಸ್ಕ್ ಎಂದರೆ ಗಾಬರಿ, ಗಾಬರಿಯೆಂದರೆ ಏರುಸಿರು. ರಕ್ಷಣಾ ದಳದಲ್ಲಿ ಒಬ್ಬನ ಮಾಸ್ಕ್ ಇನ್ನೊಬ್ಬನಿಗೆ ದಾಟಿಸುವ ವ್ಯವಸ್ಥೆ ಇರಲೇಬಾರದು. ಸಿಲಿಂಡರ್ ಹಂಚಿಕೊಳ್ಳಬಹುದು, ಮಾಸ್ಕ್ ಅವರವರದೇ ಆಗಬೇಕು.

ಹೊಂದಿಸುವ ಕೈಯಿದ್ದರೂ ಬುರುಡೆಗೆ ಮುಖ ಮೇಲಕ್ಕೆ ತಿರುಗಿಸುವ ಶಕ್ತಿಯಿಲ್ಲ. ಜಾಕೆಟ್‌ಗೆ ಆ ಶಕ್ತಿಯಿದ್ದರೂ ಹೊಂದಿಸುವ ಕೈ ಇಲ್ಲ. ಬುರುಡೆ ಕಟ್ಟಿ ಅನುಭವವಿರುವ ಅಂಬಿಗರಿಗೆ, ಹೊಳೆಸಾಲಿನ ಹಿರಿಯರಿಗೆ ಜಾಕೆಟ್ ತೊಡಿಸುವ ಕೆಲಸವನ್ನೂ ಗೌರವಧನ ಕೊಟ್ಟು ವಹಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮೈ ನೋಡಿ ಬಿಗಿಯುವುದು ಅವರಿಗೆ ಗೊತ್ತು. ಈಗ ಬುರುಡೆಯ ಜಾಗಕ್ಕೆ ಫೋಮ್ ಬಂದಿದೆ, ಅಷ್ಟೇ. ನಡುಗಡ್ಡೆಯ ಊರುಗಳಲ್ಲಿ ಜಾಕೆಟ್‌ಗಳು ತಾಲೂಕು ಕೇಂದ್ರದ ಕೋಣೆಯಲ್ಲಿರದೆ ಊರಲ್ಲೇ ಇರಬೇಕು, ಕೂಸಿನಿಂದ ಮುದುಕರವರೆಗೆ ಎಲ್ಲ ತೂಕಕ್ಕೂ ಇರಬೇಕು. ಬಸುರಿಯರಿಗೆ ಎದೆಯ ಮೇಲ್ಭಾಗದಲ್ಲಿ ಬಿಗಿಯುವಂಥದ್ದು ಪ್ರತ್ಯೇಕವಾಗಿರಬೇಕು. ಮೇ ತಿಂಗಳಲ್ಲಿ ಹೊಳೆ ಸೊರಗಿ ಮಡುಗಳಷ್ಟೇ ಉಳಿದಾಗ ಊರವರೆಲ್ಲ ಒಮ್ಮೆ ಅವನ್ನು ತೊಟ್ಟು ಎದೆಮಟ್ಟದ ನೀರಿಗಿಳಿದು ನೋಡಲಿ. ಯಾರಿಗೆ ಯಾವುದು ಸರಿ ಎಂಬುದನ್ನು ಜಾಕೆಟ್‌ನ ಒಳಮೈಗೆ ದಪ್ಪ ಅಕ್ಷರದಲ್ಲಿ ಬರೆದಿಡಲಿ. ಮಕ್ಕಳು ಬೆಳೆಯುತ್ತಾರೆ, ಬಸುರಿ ಬಾಣಂತಿಯಾಗುತ್ತಾಳೆ. ಆ ಹೆಸರುಗಳನ್ನು ಪ್ರತಿ ವರ್ಷ ಮುಂಗಾರಿಗೆ ಮೊದಲು ಅಳಿಸಿ ಮತ್ತೆ ಬರೆಯಬೇಕಾಗುತ್ತದೆ.